ಚಳಿಗಾಲದ ಬಿಲ್ಲುಬೇಟೆ: ಅಟ್ಟಣೆ ಮೇಲೆ ಕೂತಾಗ ಕೈ ಬೆಚ್ಚಗಿಡೋದು ಹೇಗೆ?

ಮ್ಯಾಡಿಸನ್_ಮಂಜು

ಎಲ್ಲರಿಗೂ ನಮಸ್ಕಾರ. ಊರು ಅರಸೀಕೆರೆ ಕಡೆ, ಈಗಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಬಿಲ್ಲುಬೇಟೆಗೆ ಇದು ನನ್ನ ಮೊದಲ ವರ್ಷ. ಇಲ್ಲಿ ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮಧ್ಯಕ್ಕೆ ಶುರುವಾಗಿ ಜನವರಿ ಮೊದಲ ವಾರದ ತನಕ ಇರುತ್ತದೆ. ಅಕ್ಟೋಬರ್‌ವರೆಗೂ ಚೆನ್ನಾಗಿತ್ತು. ಈಗ ಬೆಳಗಿನ ಹೊತ್ತು ಮೈನಸ್ 8, ಮೈನಸ್ 10 ಡಿಗ್ರಿ. ಮರದ ಅಟ್ಟಣೆ ಹತ್ತಿ ಕೂತು ಗಂಟೆಯಾಗುವಷ್ಟರಲ್ಲಿ ಬೆರಳು ಮರಗಟ್ಟುತ್ತವೆ.

ನನ್ನದು ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿ ಇರುವ ಬಗೆ), ಎಳೆಯುವ ಭಾರ 60 ಪೌಂಡ್. ಮಣಿಕಟ್ಟಿಗೆ ಕಟ್ಟುವ ರಿಲೀಸ್ (ಹೆದೆಯನ್ನು ಹಿಡಿದೆಳೆದು ಬಿಡುವ ಸಾಧನ), ಟ್ರಿಗರ್ ತೋರುಬೆರಳಿಗೆ. ದಪ್ಪ ಸ್ಕೀ ಗ್ಲೌಸ್ ಹಾಕಿದರೆ ಟ್ರಿಗರ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ತೆಳು ಗ್ಲೌಸ್ ಹಾಕಿದರೆ ಹಾಕದಿದ್ದ ಹಾಗೇ. ಅಂಗಡಿಗೆ ಹೋದರೆ ನೂರೆಂಟು ತರಹದ ಗ್ಲೌಸ್ ನೇತುಹಾಕಿದ್ದಾರೆ. ಯಾವುದು ತಗೊಳ್ಳಲಿ? 100 ಡಾಲರ್ ತನಕ ಖರ್ಚು ಮಾಡಬಹುದು.

ಡುಲೂತ್_ದೇವಣ್ಣ

ಗ್ಲೌಸ್ ಹುಡುಕೋದನ್ನು ಬಿಟ್ಟುಬಿಡಿ ಮಂಜು. ಮಿನೆಸೋಟದ ಚಳಿಯಲ್ಲಿ ಬಹಳ ವರ್ಷದಿಂದ ಕೂರುತ್ತಿದ್ದೇನೆ. ಬಾಣ ಬಿಡೋಕೂ ಆಗುವಂಥ, ಮೂರು ಗಂಟೆ ಬೆಚ್ಚಗೂ ಇಡುವಂಥ ಗ್ಲೌಸ್ ನಾನಂತೂ ನೋಡಿಲ್ಲ. ಅವೆರಡೂ ಒಂದರಲ್ಲೇ ಸಿಗಲಿ ಅಂತ ಹುಡುಕುವುದೇ ದುಡ್ಡು ಕಳೆಯೋ ದಾರಿ.

ನಾನು ಮಾಡೋದು ಇಷ್ಟು. ಕೈಗೆ ತೆಳ್ಳಗಿನ ಮೆರಿನೋ ಉಣ್ಣೆಯ ಗ್ಲೌಸ್. ಸೊಂಟಕ್ಕೆ ಒಂದು ಮಫ್. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಹೊಟ್ಟೆ ಮುಂದೆ ಕಟ್ಟಿಕೊಂಡು ಎರಡೂ ಕಡೆಯಿಂದ ಕೈ ತೂರಿಸುವ ಚೀಲ ನೋಡಿರ್ತೀರಲ್ಲ, ಅದೇ. ಒಳಗೆ ಎರಡು ಬಿಸಿ ಪ್ಯಾಕೆಟ್. ಬಿಲ್ಲನ್ನು ಕೈಯಲ್ಲಿ ಹಿಡಿದು ಕೂರಬೇಡಿ. ಮರಕ್ಕೆ ಕೊಕ್ಕೆ ತಿರುಗಿಸಿ, ಕೂತಲ್ಲಿಂದಲೇ ಎಟುಕುವ ಹಾಗೆ ನೇತುಹಾಕಿ. ಎರಡೂ ಕೈ ಮಫ್ ಒಳಗೆ. ಜಿಂಕೆ ಕಂಡಾಗ ಕೈ ಹೊರಗೆ ಬರುತ್ತದೆ, ಬಿಲ್ಲು ತಗೊಳ್ಳುತ್ತದೆ, ಬಾಣ ಬಿಡುತ್ತದೆ. ಅಷ್ಟು ಹೊತ್ತಿಗೆ ತೆಳು ಗ್ಲೌಸ್ ಸಾಕು.

ಇನ್ನೊಂದು ವಿಷಯ. ರಿಲೀಸನ್ನೂ ಮಫ್ ಒಳಗೇ ಇಟ್ಟುಕೊಳ್ಳಿ. ಕೆಲವರು ಅದನ್ನು ಹೆದೆಗೆ ಸಿಕ್ಕಿಸಿ ಬಿಟ್ಟಿರುತ್ತಾರೆ. ಗಂಟೆಗಟ್ಟಲೆ ಗಾಳಿಗೆ ಇದ್ದ ಆ ಲೋಹ ಮುಟ್ಟಿದ ತಕ್ಷಣ ಬೆರಳಿನ ಬಿಸಿ ಎಲ್ಲ ಹೀರಿಕೊಂಡುಬಿಡುತ್ತದೆ.

ಹೆದೆ_ಮತ್ತು_ಗರಿ

ಮಿಶಿಗನ್‌ನಿಂದ. ದೇವಣ್ಣ ಹೇಳಿದ್ದಕ್ಕೆ ಮುಕ್ಕಾಲು ಪಾಲು ಒಪ್ಪಿಗೆ. ಆದರೆ ಎಲ್ಲರೂ ಕಾಂಪೌಂಡ್‌ನವರಲ್ಲ ಸ್ವಾಮಿ. ನಾನು ಗಾಲಿ ಇಲ್ಲದ ರಿಕರ್ವ್ ಬಿಲ್ಲು ಬಳಸುತ್ತೇನೆ, ಮೂರು ಬೆರಳಲ್ಲಿ ಹೆದೆ ಎಳೆಯುತ್ತೇನೆ. ನಮಗೆ ರಿಲೀಸ್ ಇಲ್ಲ, ಬೆರಳೇ ರಿಲೀಸ್. ಬೆರಳಿಗೆ ಹೆದೆಯ ಸ್ಪರ್ಶ ಗೊತ್ತಾಗದಿದ್ದರೆ ಬಾಣ ಎಲ್ಲಿ ಹೋಗುತ್ತದೋ ಹೇಳೋಕಾಗಲ್ಲ.

ಬಲಗೈಗೆ ತೆಳು ಉಣ್ಣೆ ಗ್ಲೌಸ್, ಅದರ ಮೇಲೆ ಚರ್ಮದ ಟ್ಯಾಬ್ (ಹೆದೆ ಎಳೆಯುವ ಬೆರಳುಗಳ ರಕ್ಷಣೆಗೆ ಹಾಕುವ ತುಂಡು). ಟ್ಯಾಬನ್ನು ಒಂದು ಸೈಜ್ ದೊಡ್ಡದು ತಗೊಂಡಿದ್ದೇನೆ, ಗ್ಲೌಸ್ ಮೇಲೆ ಕೂರಲಿ ಅಂತ. ಎಡಗೈಗೆ ಇನ್ನೂ ತೆಳ್ಳಗಿನದು. ಬಾಣವನ್ನು ಬಿಲ್ಲಿನ ಶೆಲ್ಫ್ (ಹಿಡಿಯ ಮೇಲಿನ ಅಂಚು) ಮೇಲೆಯೇ ಇಟ್ಟು ಬಿಡುವವರಿಗೆ ಎಡಗೈ ಗ್ಲೌಸ್ ಉಬ್ಬಿದ್ದರೆ ಗರಿ ಅದಕ್ಕೆ ಸವರಿಕೊಂಡು ಹೋಗುತ್ತದೆ. ಬಾಣ ವಾಲುತ್ತದೆ.

ಮಫ್ ಬಗ್ಗೆ ಒಂದೇ ತಕರಾರು. ಅದು ಹೊಟ್ಟೆ ಮುಂದೆ ಉಬ್ಬಿ ನಿಂತರೆ ಕೂತು ಎಳೆಯುವಾಗ ಬಿಲ್ಲಿನ ಕೆಳತುದಿ ತಾಗುತ್ತದೆ. ರಿಕರ್ವ್ ಉದ್ದ ಜಾಸ್ತಿ. ನಾನು ಅದನ್ನು ಪಕ್ಕಕ್ಕೆ ಸರಿಸಿ ಕಟ್ಟಿಕೊಳ್ಳುತ್ತೇನೆ.

ಶಿಕಾಗೋ_ವೈದ್ಯ

ಬೇಟೆಗೆ ಹೋಗುವುದು ನಾನಲ್ಲ, ನನ್ನ ಮನೆಯವರು. ಅವರೇ ಈ ಪುಟ ತೋರಿಸಿ "ಇದಕ್ಕೆ ನೀವು ಬರೀರಿ" ಅಂದರು.

ಕೈ ತಣ್ಣಗಾಗುವುದು ಬಹಳ ಸಲ ಕೈಯ ಸಮಸ್ಯೆ ಅಲ್ಲ. ದೇಹಕ್ಕೆ ಮುಖ್ಯ ಹೃದಯ, ಶ್ವಾಸಕೋಶ, ಮಿದುಳು. ಸಂಬಳ ಕಡಿಮೆಯಾದ ಮನೆಯಲ್ಲಿ ಮೊದಲು ಕೈಬಿಡುವುದು ಹಬ್ಬದ ಖರ್ಚನ್ನು ಅಲ್ವಾ, ಹಾಗೆ ಒಳಗಿನ ಬಿಸಿ ಕಡಿಮೆಯಾಗುವ ಸೂಚನೆ ಸಿಕ್ಕರೆ ದೇಹ ಮೊದಲು ಕೈಬಿಡುವುದು ಬೆರಳುಗಳನ್ನು. ಬೆರಳಿನ ತುದಿಯಲ್ಲಿ ಅಪಧಮನಿಯಿಂದ ನೇರವಾಗಿ ಅಭಿಧಮನಿಗೆ ರಕ್ತ ಹರಿಸುವ ಸಣ್ಣ ಸಣ್ಣ ಕೊಂಡಿಗಳಿವೆ. ಅವು ತೆರೆದಿದ್ದರೆ ಬಿಸಿ ರಕ್ತ ಧಾರಾಳವಾಗಿ ಬರುತ್ತದೆ. ಚಳಿಯಾದರೆ ಮುಚ್ಚುತ್ತವೆ. ಮುಚ್ಚಿದ ಮೇಲೆ ಎಷ್ಟು ದಪ್ಪ ಗ್ಲೌಸ್ ಹಾಕಿದರೂ ಅಷ್ಟಕ್ಕಷ್ಟೇ. ಗ್ಲೌಸ್ ಬಿಸಿಯನ್ನು ಹುಟ್ಟಿಸುವುದಿಲ್ಲ, ಇದ್ದ ಬಿಸಿಯನ್ನು ಹಿಡಿದಿಡುತ್ತದೆ. ಬರುವ ಬಿಸಿಯೇ ನಿಂತುಹೋದರೆ ಹಿಡಿದಿಡುವುದಾದರೂ ಏನನ್ನು?

1930ರಲ್ಲಿ ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಒಂದು ಸಂಗತಿ ವಿವರಿಸಿದರು. ಬೆರಳನ್ನು ಮಂಜಿನ ನೀರಲ್ಲಿ ಅದ್ದಿದರೆ ಮೊದಲು ರಕ್ತನಾಳ ಬಿಗಿಯುತ್ತದೆ. ಐದು ಹತ್ತು ನಿಮಿಷದ ಮೇಲೆ ತಾನಾಗಿ ಸಡಿಲವಾಗಿ ಸ್ವಲ್ಪ ಬಿಸಿ ರಕ್ತ ಬಿಡುತ್ತದೆ. ಮತ್ತೆ ಬಿಗಿಯುತ್ತದೆ, ಮತ್ತೆ ಸಡಿಲವಾಗುತ್ತದೆ. ಬೆರಳು ಸಾಯದಂತೆ ದೇಹ ಮಾಡಿಕೊಂಡ ಏರ್ಪಾಡು ಅದು. ಆದರೆ ಮೈಯೇ ತಣ್ಣಗಾಗಿದ್ದರೆ ಈ ಏರ್ಪಾಡು ಮಂಕಾಗುತ್ತದೆ. ಅದಕ್ಕೇ ಎದೆ ಬೆಚ್ಚಗಿದ್ದರೆ ಕೈ ಬೆಚ್ಚಗಿರುತ್ತದೆ ಅನ್ನುವುದು ಬರೀ ಮಾತಲ್ಲ.

ಮತ್ತೆ, ಬೆರಳು ಮಡಚುವ ದೊಡ್ಡ ಸ್ನಾಯುಗಳು ಬೆರಳಲ್ಲಿ ಇಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗದಲ್ಲಿವೆ. ಆ ಭಾಗ ತಣ್ಣಗಾದರೆ ಬೆರಳು ಬೆಚ್ಚಗಿದ್ದರೂ ಹಿಡಿತ ಸಡಿಲ. ಮಣಿಕಟ್ಟಿನಲ್ಲಿ ರಕ್ತನಾಳ ಚರ್ಮದ ಹತ್ತಿರ ಹೋಗುತ್ತದೆ, ಮೇಲೆ ಕೊಬ್ಬು ಇಲ್ಲ. ಕೋಟಿನ ತೋಳು ಮತ್ತು ಗ್ಲೌಸ್ ನಡುವೆ ಎರಡು ಬೆರಳು ಅಗಲ ಜಾಗ ಬಯಲಾಗಿದ್ದರೆ ಅಲ್ಲೇ ಬಿಸಿ ಸೋರುತ್ತದೆ. ಹಳೆ ಉಣ್ಣೆ ಸಾಕ್ಸಿನ ಪಾದದ ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಮಣಿಕಟ್ಟಿಗೆ ಹಾಕಿಕೊಳ್ಳಿ, ಖರ್ಚಿಲ್ಲ. ಬಿಗಿಯಾಗಿ ಮಾತ್ರ ಇರಬಾರದು. ಮಂಜು, ನಿಮ್ಮ ರಿಲೀಸ್ ಪಟ್ಟಿಯನ್ನೂ ತೀರಾ ಬಿಗಿದು ಕಟ್ಟಬೇಡಿ.

ಮ್ಯಾಡಿಸನ್_ಮಂಜು

ಡಾಕ್ಟ್ರೇ, ತಲೆಯಿಂದಲೇ ಅರ್ಧ ಬಿಸಿ ಹೋಗುತ್ತದೆ, ಟೋಪಿ ಹಾಕಿದರೆ ಕೈ ಬೆಚ್ಚಗಾಗುತ್ತದೆ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ನಿಜಾನಾ?

ಶಿಕಾಗೋ_ವೈದ್ಯ

ಅರ್ಧ ಅನ್ನುವುದು ಸುಳ್ಳು. ದೊಡ್ಡವರಲ್ಲಿ ತಲೆಯ ಚರ್ಮ ಇಡೀ ಮೈಯ ಚರ್ಮದ ಹತ್ತನೇ ಒಂದು ಭಾಗದಷ್ಟು. ಹೋಗುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮೈಯೆಲ್ಲ ಮುಚ್ಚಿ ತಲೆ ಮಾತ್ರ ಬಯಲು ಬಿಟ್ಟರೆ ಹೋಗೋದು ಅಲ್ಲಿಂದಲೇ ತಾನೇ? ಟೋಪಿ ಹಾಕಿ, ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿ.

ತುಂಗಾ_ತೀರ

ಕ್ಷಮಿಸಿ, ನನಗೆ ಈ ಚರ್ಚೆ ನೋಡಿಯೇ ಬೇಜಾರಾಯಿತು. ನಮ್ಮಲ್ಲಿ 1972ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಿಂಕೆ ಕೊಂದರೆ ಜೈಲು. ಕನ್ನಡದಲ್ಲಿ ಬೇಟೆ ಕಲಿಸೋ ಅಗತ್ಯ ಏನಿದೆ? ಅದೂ ಕೈ ಮರಗಟ್ಟಿದವರು ಬಾಣ ಬಿಟ್ಟರೆ ಪ್ರಾಣಿ ಅರೆಜೀವವಾಗಿ ಓಡಿ ಎಲ್ಲೋ ನರಳಿ ಸಾಯುತ್ತದೆ.

ಡುಲೂತ್_ದೇವಣ್ಣ

ಭಾರತದ ಕಾನೂನಿನ ಬಗ್ಗೆ ನೀವು ಹೇಳಿದ್ದು ಸರಿ. ಅಲ್ಲಿ ಯಾರೂ ಇದನ್ನು ಮಾಡಬಾರದು, ಮಾಡಿ ಅಂತ ಇಲ್ಲಿ ಯಾರೂ ಹೇಳಿಲ್ಲ. ಇಲ್ಲಿನ ಕತೆ ಬೇರೆ. ಬಿಳಿಬಾಲದ ಜಿಂಕೆ ಇಲ್ಲಿ ವಿಪರೀತ. ಪ್ರತಿ ವರ್ಷ ಎಷ್ಟು ಹೊಡೆಯಬಹುದು ಅಂತ ರಾಜ್ಯವೇ ನಿಗದಿ ಮಾಡುತ್ತದೆ. ಬೇಟೆಯ ಸಾಮಾನಿನ ಮೇಲೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ತೆರಿಗೆ ಇದೆ. ಆ ದುಡ್ಡು ಹೋಗುವುದು ವನ್ಯಜೀವಿ ರಕ್ಷಣೆಗೆ. ಬಿಲ್ಲು ಬಾಣಕ್ಕೂ ಅದು ಅನ್ವಯ.

ನಿಮ್ಮ ಕೊನೆಯ ಮಾತಿಗೆ ಮಾತ್ರ ಪೂರ್ತಿ ಒಪ್ಪಿಗೆ. ಅದಕ್ಕೇ ಈ ಚರ್ಚೆ. ಇದು ಸುಖದ ಪ್ರಶ್ನೆ ಅಲ್ಲ. ಬೆರಳಿಗೆ ಟ್ರಿಗರ್ ಗೊತ್ತಾಗದಿದ್ದರೆ ಬಾಣ ಬಿಡಬಾರದು. ಜಿಂಕೆ ಎಷ್ಟೇ ಹತ್ತಿರ ಇರಲಿ.

ತುಂಗಾ_ತೀರ

ಮನಸ್ಸು ಒಪ್ಪುವುದಿಲ್ಲ. ಆದರೆ ಉತ್ತರ ಕೊಟ್ಟ ರೀತಿ ಸರಿಯಾಗಿತ್ತು. ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಕ್ಯಾಲ್ಗರಿ_ಕಲ್ಪನಾ

ಮಂಜು, ಒಂದು ಪ್ರಶ್ನೆ. ಹೊಸಬರಾದರೂ ಬಂದೂಕು ಬಿಟ್ಟು ಬಿಲ್ಲು ಯಾಕೆ ಹಿಡಿದಿರಿ? ಬಂದೂಕಿನ ಸೀಸನ್‌ನಲ್ಲಿ ಬಿಸಿ ಗೂಡಿನಲ್ಲಿ ಕೂತು ಹೊಡೆಯಬಹುದಿತ್ತಲ್ಲ!

ಮ್ಯಾಡಿಸನ್_ಮಂಜು

ಕೆಲಸದ ವೀಸಾದಲ್ಲಿದ್ದೇನೆ. ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳಲು ಇಲ್ಲಿನ ಕೇಂದ್ರ ಕಾನೂನು ಬಿಡುವುದಿಲ್ಲ. ಬೇಟೆಯ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಆದರೆ ಆ ಕಾಗದಪತ್ರದ ಗೋಜಲು ನನಗೆ ಬೇಡ ಅನಿಸಿತು. ಬಿಲ್ಲು ಆ ಕಾನೂನಿನ ಲೆಕ್ಕದಲ್ಲಿ ಬಂದೂಕಲ್ಲ. ಬೇಟೆಗಾರರ ತರಬೇತಿ ಮುಗಿಸಿ ಲೈಸೆನ್ಸ್ ತಗೊಂಡರೆ ಸಾಕು. ಮತ್ತೆ ನಿಜ ಹೇಳಬೇಕೆಂದರೆ ಬಿಲ್ಲು ನನಗೆ ಇಷ್ಟ.

ಕ್ಯಾಲ್ಗರಿ_ಕಲ್ಪನಾ

ಸರಿ ಹಾಗಾದರೆ. ನಾನಿರುವುದು ಕೆನಡಾದಲ್ಲಿ, ಕ್ಯಾಲ್ಗರಿ ಸುತ್ತ ಬಿಲ್ಲಿಗೆ ಮಾತ್ರ ಅವಕಾಶವಿರುವ ವಲಯ. ನವೆಂಬರ್‌ನಲ್ಲಿ ಮೈನಸ್ 20 ಇಲ್ಲಿ ಸುದ್ದಿಯೇ ಅಲ್ಲ. ಚಿನೂಕ್ ಅನ್ನುವ ಬೆಚ್ಚನೆ ಗಾಳಿ ಬೀಸಿದರೆ ಮಾರನೇ ದಿನ ಮಂಜೆಲ್ಲ ಕರಗಿ ನೀರು.

ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸ್ ಬಗ್ಗೆ ಯಾರೂ ಮಾತಾಡಿಲ್ಲ. ನಾನು ಬಳಸುತ್ತೇನೆ. ಗಂಡಸರು ನಗುತ್ತಾರೆ, ನಗಲಿ. ನನ್ನ ಕೈ ಸಣ್ಣದು, ಬೇಗ ತಣ್ಣಗಾಗುತ್ತದೆ. ಒಳಗೆ ಹಾಕುವ ತೆಳು ಲೈನರ್ ತರಹದ ಬಿಸಿ ಗ್ಲೌಸ್ ಸಿಗುತ್ತವೆ. ತಂತಿ ಬೆರಳಿನ ಹಿಂಬದಿಯಲ್ಲಿ ಹಾದು ತುದಿ ತನಕ ಹೋಗಿರಬೇಕು. ಕೆಲವದರಲ್ಲಿ ಅಂಗೈ ಹಿಂದೆ ಮಾತ್ರ ಬಿಸಿ, ಅದು ದಂಡ. ಬ್ಯಾಟರಿ ಮಣಿಕಟ್ಟಿನ ಹತ್ತಿರ ಇರುವುದರಿಂದ ಎಡಗೈಯಲ್ಲಿ ಹೆದೆ ತಾಗುತ್ತದಾ ನೋಡಿಕೊಳ್ಳಿ. ಮೊದಲಿನಿಂದಲೂ ಕಡಿಮೆ ಬಿಸಿಯಲ್ಲಿ ಇಡಿ. ಬೆರಳು ತಣ್ಣಗಾದ ಮೇಲೆ ಜಾಸ್ತಿ ಮಾಡೋಣ ಅಂತ ಕಾದರೆ ಬ್ಯಾಟರಿ ಮುಗಿಯುತ್ತದೆ, ಬೆರಳು ಬಿಸಿಯಾಗಲ್ಲ.

ಲಿಥಿಯಂ ಬ್ಯಾಟರಿ ಚಳಿಯಲ್ಲಿ ಪೂರ್ತಿ ಶಕ್ತಿ ಕೊಡುವುದಿಲ್ಲ. ಡಬ್ಬಿ ಮೇಲೆ ಆರು ಗಂಟೆ ಅಂತ ಬರೆದಿದ್ದರೆ ನಂಬಬೇಡಿ. ಹೆಚ್ಚುವರಿ ಬ್ಯಾಟರಿಯನ್ನು ಒಳಜೇಬಲ್ಲಿ, ಮೈಗೆ ತಾಗಿಸಿ ಇಟ್ಟುಕೊಳ್ಳಿ.

ಡುಲೂತ್_ದೇವಣ್ಣ

ನಾನು ನಗೋದಿಲ್ಲ ಕಲ್ಪನಾ ಅವರೇ. ಆದರೆ 100 ಡಾಲರ್‌ಗೆ ಒಳ್ಳೆಯ ಬಿಸಿ ಗ್ಲೌಸ್ ಸಿಗೋದು ಕಷ್ಟ. ತಂತಿ ಮುರಿದರೆ ಮರುದಿನ ಅದು ಮಾಮೂಲಿ ಗ್ಲೌಸ್. ಮಫ್‌ನಲ್ಲಿ ಕೆಡೋಕೆ ಏನೂ ಇಲ್ಲ.

ಕ್ಯಾಲ್ಗರಿ_ಕಲ್ಪನಾ

ಅದೇನೋ ನಿಜ. ನಾನೂ ಮಫ್ ಇಟ್ಟುಕೊಂಡಿರುತ್ತೇನೆ. ಎರಡೂ ಇದ್ದರೆ ಯಾರು ಬೇಡ ಅಂದರು?

ರಸಾಯನ_ಮೇಷ್ಟ್ರು

ಮೈಸೂರಿನವನು. ಬೇಟೆ ಗೊತ್ತಿಲ್ಲ, ಹಿಮ ನೋಡಿದ್ದು ಮನಾಲಿಯಲ್ಲಿ ಮಾತ್ರ. ಬಿಸಿ ಪ್ಯಾಕೆಟ್ ಅಂದಿರಲ್ಲ, ಅದರ ಬಗ್ಗೆ ಹೇಳಬಲ್ಲೆ.

ಒಂದು ಸಲ ಬಳಸಿ ಎಸೆಯುವ ಪ್ಯಾಕೆಟ್‌ನಲ್ಲಿ ಇರುವುದು ಕಬ್ಬಿಣದ ಪುಡಿ, ನೀರು, ಉಪ್ಪು, ಇದ್ದಿಲಿನ ಪುಡಿ, ವರ್ಮಿಕ್ಯುಲೈಟ್ ಅನ್ನುವ ಹಗುರ ಖನಿಜ. ಪ್ಯಾಕೆಟ್‌ನ ಹೊರಗಿನ ಕವರ್ ಒಡೆದರೆ ಗಾಳಿ ತಾಗಿ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯುವಾಗ ಬಿಸಿ ಹೊರಬೀಳುತ್ತದೆ. ಮಳೆಗಾಲದಲ್ಲಿ ಗೇಟು ತಿಂಗಳುಗಟ್ಟಲೆ ನಿಧಾನವಾಗಿ ಮಾಡುವ ಕೆಲಸವನ್ನೇ ಪುಡಿ ಎಂಟು ಹತ್ತು ಗಂಟೆಯಲ್ಲಿ ಮುಗಿಸುತ್ತದೆ. ಪುಡಿಯಾದ್ದರಿಂದ ಗಾಳಿ ತಾಗುವ ಮೇಲ್ಮೈ ಜಾಸ್ತಿ, ಉಪ್ಪು ಅದಕ್ಕೆ ಚುರುಕು ಕೊಡುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಮೊದಲನೆಯದು, ಅದಕ್ಕೆ ಗಾಳಿ ಬೇಕು. ಬಿಗಿ ಗ್ಲೌಸ್ ಒಳಗೆ ತುರುಕಿದರೆ ಗಾಳಿ ಸಾಲದೆ ಮಂಕಾಗುತ್ತದೆ. ಹೊರಗೆ ತೆಗೆದು ಸ್ವಲ್ಪ ಅಲ್ಲಾಡಿಸಿದರೆ ಮತ್ತೆ ಬಿಸಿ. ಮನೆ ಬಿಡುವಾಗಲೇ ಒಡೆದು ಕಾರಿನಲ್ಲಿ ಗಾಳಿಗೆ ಬಿಡಿ, ಮರ ಹತ್ತುವ ಹೊತ್ತಿಗೆ ಕಾವೇರಿರುತ್ತದೆ. ಎರಡನೆಯದು, ಬೇಗ ವಾಪಸ್ ಬಂದರೆ ಎಸೆಯಬೇಡಿ. ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ಗಾಳಿ ಹಿಂಡಿ ಮುಚ್ಚಿ. ತುಕ್ಕು ಹಿಡಿಯುವುದು ನಿಲ್ಲುತ್ತದೆ. ನಾಳೆ ಉಳಿದ ಬಿಸಿ ಬಳಸಬಹುದು.

ಇನ್ನೊಂದು ಬಗೆ, ಒಳಗಿನ ಲೋಹದ ಬಿಲ್ಲೆ ಕಟಕ್ ಅನ್ನಿಸಿದರೆ ಬಿಳಿಯಾಗಿ ಗಟ್ಟಿಯಾಗುವ ಪ್ಯಾಕೆಟ್. ಅದು ಸೋಡಿಯಂ ಅಸಿಟೇಟ್. ಕುದಿಯುವ ನೀರಲ್ಲಿ ಹಾಕಿದರೆ ಮತ್ತೆ ದ್ರವ. ನೋಡೋಕೆ ಚೆಂದ, ಮಕ್ಕಳಿಗೆ ಪಾಠ ಮಾಡೋಕೆ ಇನ್ನೂ ಚೆಂದ. ಆದರೆ ಬಿಸಿ ಬೇಗ ಆರುತ್ತದೆ. ಮೂರು ಗಂಟೆ ಕೂರುವವರಿಗಲ್ಲ.

ಮೂರನೆಯದು ಲೈಟರ್ ಎಣ್ಣೆಯದು. ಜಪಾನಿನ ಹಕ್ಕಿನ್ ಕಂಪನಿ 1923ರಿಂದ ಮಾಡುತ್ತಿದೆ. ಬೆಂಕಿ ಇರುವುದಿಲ್ಲ. ಎಣ್ಣೆಯ ಆವಿ ಪ್ಲಾಟಿನಂ ತಾಗಿ ನಿಧಾನಕ್ಕೆ ಉರಿಯುತ್ತದೆ. ಕಬ್ಬಿಣದ ಪ್ಯಾಕೆಟ್‌ಗಿಂತ ಬಿಸಿ ಜಾಸ್ತಿ. ಆದರೆ ಎಣ್ಣೆಯ ವಾಸನೆ ಬರುತ್ತದೆ. ಜಿಂಕೆಗೆ ಅದು ಗೊತ್ತಾಗುತ್ತದೋ ಏನೋ, ಬೇಟೆಯವರು ಹೇಳಬೇಕು.

ಹೆದೆ_ಮತ್ತು_ಗರಿ

ಗೊತ್ತಾಗದೆ ಇರುತ್ತದಾ ಮೇಷ್ಟ್ರೇ! ಜಿಂಕೆಯ ಮೂಗಿನ ಮುಂದೆ ನಮ್ಮ ಮೂಗು ಏನೂ ಅಲ್ಲ. ಆ ಎಣ್ಣೆಯದನ್ನು ಮೀನು ಹಿಡಿಯೋಕೆ ಹೋಗುವಾಗ ಇಟ್ಟುಕೊಳ್ಳುತ್ತೇನೆ, ಬೇಟೆಗೆ ಅಲ್ಲ.

ಮಡಿಕೇರಿ_ಮಾಜಿ_ಸೈನಿಕ

ಕೊಡಗಿನವನು. ಸಿಯಾಚಿನ್‌ನಲ್ಲಿ ಕರ್ತವ್ಯ ಮಾಡಿದ್ದೇನೆ. ಅಲ್ಲಿ ಬೇಟೆ ಇಲ್ಲ, ಆದರೆ ಬೆರಳು ಉಳಿಸಿಕೊಳ್ಳೋದೇ ದಿನದ ಕೆಲಸ. ನಾಲ್ಕು ಮಾತು.

ಬರಿಗೈಯಲ್ಲಿ ಲೋಹ ಮುಟ್ಟಬಾರದು. ಮೈನಸ್ 30ರಲ್ಲಿ ಚರ್ಮ ಅಂಟಿಕೊಂಡು ಕಿತ್ತುಬರುತ್ತದೆ. ನಿಮ್ಮ ಮೈನಸ್ 10ರಲ್ಲಿ ಅಷ್ಟಾಗದಿದ್ದರೂ ಅಲ್ಯೂಮಿನಿಯಂ ಬಿಲ್ಲಿನ ಹಿಡಿ ಬಿಸಿ ಎಳೆಯುತ್ತಲೇ ಇರುತ್ತದೆ. ಹಿಡಿಗೆ ಟೆನಿಸ್ ರ್‍ಯಾಕೆಟ್‌ನ ಪಟ್ಟಿ ಸುತ್ತಿ.

ಬೆವರಬಾರದು. ನಮ್ಮಲ್ಲಿ ನಡೆಯುವಾಗ ಜಾಕೆಟ್ ಬಿಚ್ಚಿಸುತ್ತಿದ್ದರು. ನಿಂತ ಮೇಲೆ ಹಾಕಿಸುತ್ತಿದ್ದರು. ಹೊಸಬರಿಗೆ ಉಲ್ಟಾ ಅನಿಸುತ್ತದೆ. ಬೆವರಿದ ಬಟ್ಟೆ ಒದ್ದೆ, ಒದ್ದೆ ಬಟ್ಟೆ ಮೈಯ ಬಿಸಿ ತಿನ್ನುತ್ತದೆ. ಹತ್ತಿ ಬನಿಯನ್ ಅಂತೂ ಬೇಡವೇ ಬೇಡ. ಗ್ಲೌಸ್ ಹಾಕಿಕೊಂಡು ನಡೆದರೆ ಅದೂ ಒಳಗೆ ಒದ್ದೆಯಾಗುತ್ತದೆ. ನಡೆಯೋಕೆ ಒಂದು ಜೊತೆ, ಕೂರೋಕೆ ಒಣಗಿದ ಇನ್ನೊಂದು ಜೊತೆ.

ಪರೀಕ್ಷೆ ಹೀಗೆ ಮಾಡಿ. ಹೆಬ್ಬೆರಳಿನ ತುದಿಯನ್ನು ಅದೇ ಕೈಯ ಕಿರುಬೆರಳಿನ ತುದಿಗೆ ತಾಗಿಸಿ. ಆಗಲಿಲ್ಲ ಅಂದರೆ ಕೈ ಕೆಲಸಕ್ಕೆ ಬರುವ ಹಂತ ದಾಟಿದೆ. ಇದನ್ನು ಮಧ್ಯೆ ಮಧ್ಯೆ ಮಾಡುತ್ತಿರಿ, ಕೊನೆಗೆ ಮಾತ್ರ ಅಲ್ಲ. ಬಾಣ ಬಿಡುವುದು ಇರಲಿ, 20 ಅಡಿ ಮೇಲಿಂದ ಇಳಿಯೋಕೂ ಬೆರಳು ಬೇಕು. ಹಿಡಿ ತಪ್ಪಿದರೆ ಜಿಂಕೆ ಅಲ್ಲ, ನೀವು ಬೀಳುತ್ತೀರಿ.

ಬೆರಳು ಬಿಳಿಯಾಗಿ, ಮೇಣದಂತೆ ಗಟ್ಟಿಯಾಗಿ, ನೋವೇ ಗೊತ್ತಾಗದಿದ್ದರೆ ಅದು ಹಿಮಗಡಿತ. ಮಂಜಿನಿಂದ ಉಜ್ಜಬಾರದು. ಉಜ್ಜಲೇಬಾರದು. ಬೆಂಕಿಗೂ ಹಿಡಿಯಬಾರದು, ಸುಟ್ಟರೂ ಗೊತ್ತಾಗಲ್ಲ.

ಶಿಕಾಗೋ_ವೈದ್ಯ

ಸೈನಿಕರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಹಿಮಗಡಿತವಾದ ಬೆರಳನ್ನು 37ರಿಂದ 39 ಡಿಗ್ರಿಯ ಬೆಚ್ಚನೆ ನೀರಲ್ಲಿ ಇಟ್ಟು ಕರಗಿಸಬೇಕು. ಆದರೆ ಕರಗಿಸಿದ ಮೇಲೆ ಮತ್ತೆ ಹೆಪ್ಪುಗಟ್ಟುವ ಸಂಭವ ಇದ್ದರೆ ಕರಗಿಸಲೇಬೇಡಿ, ಮೊದಲು ಆಸ್ಪತ್ರೆ ತಲುಪಿ. ಎರಡನೇ ಸಲ ಹೆಪ್ಪುಗಟ್ಟಿದರೆ ಹಾನಿ ಬಹಳ ಜಾಸ್ತಿ.

ಗಾಳಿಯನ್ನೂ ಲೆಕ್ಕ ಹಾಕಿ. ಅಮೆರಿಕದ ಹವಾಮಾನ ಇಲಾಖೆಯ ಪಟ್ಟಿ ನೋಡಿದರೆ, ಮೈನಸ್ 18 ಡಿಗ್ರಿಯಲ್ಲಿ ಗಂಟೆಗೆ 24 ಕಿ.ಮೀ. ಗಾಳಿ ಬೀಸಿದರೆ ಚರ್ಮಕ್ಕೆ ಮೈನಸ್ 28ರ ಹಾಗೆ. ಬಯಲಾಗಿರುವ ಚರ್ಮಕ್ಕೆ ಅರ್ಧ ಗಂಟೆಯಲ್ಲಿ ಹಿಮಗಡಿತ ಆಗಬಹುದು. ಅಟ್ಟಣೆ ಮೇಲೆ ಗಾಳಿ ನೆಲಕ್ಕಿಂತ ಜಾಸ್ತಿ ಅಂತ ಮನೆಯವರು ಹೇಳುತ್ತಾರೆ.

ಕಲ್ಪನಾ ಅವರೇ, ಕೈ ಬೇಗ ತಣ್ಣಗಾಗುತ್ತದೆ ಅಂದಿರಿ. ಬೆರಳು ಮೊದಲು ಬೆಳ್ಳಗೆ, ಆಮೇಲೆ ನೀಲಿ, ಬಿಸಿಯಾದಾಗ ಕೆಂಪಾಗುತ್ತದಾ? ಅದು ರೇನೋ ಅನ್ನುವ ತೊಂದರೆ ಇರಬಹುದು. ಫ್ರಾನ್ಸಿನ ಮೊರಿಸ್ ರೇನೋ 1862ರಲ್ಲಿ ವಿವರಿಸಿದ್ದು. ಹೆಂಗಸರಲ್ಲಿ ಜಾಸ್ತಿ. ಬಹಳ ಮಂದಿಗೆ ಅಪಾಯವಿಲ್ಲ. ಆದರೆ ಕೆಲವರಲ್ಲಿ ಬೇರೆ ಕಾಯಿಲೆಯ ಮುನ್ಸೂಚನೆ ಆಗಿರುತ್ತದೆ, ಆದ್ದರಿಂದ ಒಮ್ಮೆ ತೋರಿಸಿ. ಔಷಧಿ ಇದೆ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಕೈಕಾಲು ತಣ್ಣಗೆ ಮಾಡುತ್ತವೆ, ಅದೂ ಗಮನದಲ್ಲಿರಲಿ. ಸಿಗರೇಟು ಸೇದುವವರಿಗೆ ಹೇಳುವುದೇ ಬೇಡ, ನಿಕೋಟಿನ್ ನೇರವಾಗಿ ಬೆರಳಿನ ರಕ್ತನಾಳ ಬಿಗಿಯುತ್ತದೆ. ಬ್ರಾಂದಿಯೂ ಬೇಡ. ಕುಡಿದಾಗ ಬೆಚ್ಚಗೆ ಅನಿಸುವುದು ಚರ್ಮಕ್ಕೆ ರಕ್ತ ಬಂದಿದ್ದಕ್ಕೆ. ಒಳಗಿನ ಬಿಸಿ ಆ ದಾರಿಯಲ್ಲೇ ಹೊರಗೆ ಹೋಗುತ್ತಿರುತ್ತದೆ.

ಕ್ಯಾಲ್ಗರಿ_ಕಲ್ಪನಾ

ಬೆಳ್ಳಗೆ ಆಗುತ್ತದೆ, ನೀಲಿ ಗಮನಿಸಿಲ್ಲ. ತೋರಿಸುತ್ತೇನೆ. ಧನ್ಯವಾದ.

ಮ್ಯಾಡಿಸನ್_ಮಂಜು

ಇಷ್ಟೆಲ್ಲ ಸಿಗುತ್ತದೆ ಅಂದುಕೊಂಡಿರಲಿಲ್ಲ. ಮಫ್, ತೆಳು ಮೆರಿನೋ ಗ್ಲೌಸ್ ಎರಡು ಜೊತೆ, ಬಿಸಿ ಪ್ಯಾಕೆಟ್ ಒಂದು ಡಬ್ಬ. 100 ಡಾಲರ್ ಒಳಗೇ ಆಗುತ್ತದೆ ಅನಿಸುತ್ತಿದೆ. ಆದರೆ ಇನ್ನೊಂದು ತೊಂದರೆ ಇದೆ. ಕೈ ಬೆಚ್ಚಗಿದ್ದಾಗಲೂ ಮೊನ್ನೆ ಹೆದೆ ಎಳೆಯೋಕೆ ತುಂಬಾ ಕಷ್ಟವಾಯಿತು. ಬೇಸಿಗೆಯಲ್ಲಿ ಸುಲಭವಾಗಿ ಎಳೆಯುತ್ತಿದ್ದ ಅದೇ ಬಿಲ್ಲು!

ಡುಲೂತ್_ದೇವಣ್ಣ

ಅದು ಎಲ್ಲರಿಗೂ ಆಗುತ್ತದೆ. ಮೂರು ಗಂಟೆ ಅಲ್ಲಾಡದೆ ಕೂತ ಮೈ, ಮೇಲೆ ನಾಲ್ಕು ಪದರ ಬಟ್ಟೆ. ಭುಜದ ಸ್ನಾಯು ತಣ್ಣಗಾಗಿರುತ್ತದೆ. ಚಳಿಗಾಲಕ್ಕೆ 60 ಇದ್ದದ್ದನ್ನು 55ಕ್ಕೆ ಇಳಿಸಿ. ಬಿಲ್ಲಿನ ತೋಳಿನ ಬೋಲ್ಟ್ ಎರಡನ್ನೂ ಸಮನಾಗಿ ಸಡಿಲಿಸಬೇಕು, ಒಂದನ್ನೇ ಅಲ್ಲ. ಕಂಪನಿ ಹೇಳಿದಷ್ಟು ಸುತ್ತಿಗಿಂತ ಜಾಸ್ತಿ ಬಿಚ್ಚಬೇಡಿ. ಆಮೇಲೆ ಗುರಿ ನೋಡುವ ಸೈಟ್ ಮತ್ತೆ ಹೊಂದಿಸಬೇಕು, ಬಾಣ ಕೆಳಗೆ ಬೀಳುತ್ತದೆ. ಜಿಂಕೆಗೆ ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ 55ರಲ್ಲೂ ಇದೆ. ವಿಸ್ಕಾನ್ಸಿನ್ ಕಾನೂನು ಕೇಳುವುದು 30 ಪೌಂಡ್ ಮಾತ್ರ. ಎಳೆದು ಹಿಡಿದ ಮೇಲೆ 80 ಶೇಕಡಾ ಭಾರ ಇಳಿಯುವ ಬಿಲ್ಲಾದರೆ ಕೈಯಲ್ಲಿ ಉಳಿಯುವುದು ಬರೀ 11 ಪೌಂಡ್.

ಮತ್ತೆ ಈಗ ಹೇಳೋದನ್ನು ದಯವಿಟ್ಟು ಬಿಡಬೇಡಿ. ಹೊಸ ಗ್ಲೌಸ್, ಕೋಟು, ಟೋಪಿ, ಕುತ್ತಿಗೆ ಪಟ್ಟಿ, ಮಫ್, ಬೀಳದಂತೆ ಕಟ್ಟುವ ಸುರಕ್ಷಾ ಬೆಲ್ಟ್, ಎಲ್ಲಾ ಹಾಕಿಕೊಂಡು ಹಿತ್ತಲಲ್ಲಿ ಅಭ್ಯಾಸ ಮಾಡಿ. ಕುರ್ಚಿ ಮೇಲೆ ಕೂತು ಬಿಡಿ. ಟೀ ಶರ್ಟ್‌ನಲ್ಲಿ ಬಿಟ್ಟ ಬಾಣ ಬೇರೆ, ಕೋಟಿನಲ್ಲಿ ಬಿಟ್ಟ ಬಾಣ ಬೇರೆ. ಗ್ಲೌಸ್ ಹಾಕಿದ ಎಡಗೈ ಹಿಡಿಯನ್ನು ಸ್ವಲ್ಪ ತಿರುಚುತ್ತದೆ, ಬಾಣ ಪಕ್ಕಕ್ಕೆ ಹೋಗುತ್ತದೆ. ಕೋಟಿನ ತೋಳಿಗೆ ಹೆದೆ ಬಡಿಯುತ್ತದೆ. ತೋಳಿನ ಮೇಲೆ ಆರ್ಮ್ ಗಾರ್ಡ್ ಕಟ್ಟಿ ಬಟ್ಟೆ ಒತ್ತಿಹಿಡಿಯಿರಿ. ತೋರುಬೆರಳಿನ ಟ್ರಿಗರ್‌ಗೆ ಗ್ಲೌಸ್ ತಾಗಿ ಬಾಣ ಬೇಗ ಹಾರಿಬಿಡುವ ಅಪಾಯವೂ ಇದೆ. ಟ್ರಿಗರನ್ನು ಸ್ವಲ್ಪ ಬಿಗಿ ಮಾಡಿಸಿ, ಎಳೆಯುವಾಗ ಬೆರಳು ಟ್ರಿಗರ್ ಹಿಂದೆ ಇರಲಿ.

ಹೆದೆ_ಮತ್ತು_ಗರಿ

ನನ್ನ ಗೆಳೆಯರು ಕೆಲವರು ಚಳಿಗಾಲಕ್ಕೆ ಹೆಬ್ಬೆರಳಿನ ರಿಲೀಸ್‌ಗೆ ಬದಲಾಗುತ್ತಾರೆ. ಅದನ್ನು ಮುಷ್ಟಿಯಲ್ಲಿ ಹಿಡಿಯಬಹುದು, ಮಣಿಕಟ್ಟಿಗೆ ಪಟ್ಟಿ ಇಲ್ಲ. ಆದರೆ ಸೀಸನ್ ಮಧ್ಯದಲ್ಲಿ ಬದಲಾಯಿಸಬೇಡಿ ಮಂಜು. ಬೇಸಿಗೆಯಲ್ಲಿ ನೋಡೋಣ.

ಇನ್ನೊಂದು. ಬಿಲ್ಲನ್ನು ರಾತ್ರಿ ಬೆಚ್ಚನೆ ಮನೆಯೊಳಗೆ ತರಬೇಡಿ. ತಣ್ಣನೆ ಲೋಹದ ಮೇಲೆ ಹನಿ ಕಟ್ಟುತ್ತದೆ. ಬೆಳಗ್ಗೆ ಹೊರಗೆ ಹೋದ ತಕ್ಷಣ ಅದು ಹೆಪ್ಪುಗಟ್ಟಿ ರಿಲೀಸ್, ಬಾಣ ಕೂರಿಸುವ ರೆಸ್ಟ್ ಎಲ್ಲ ಕಚ್ಚಿಕೊಳ್ಳುತ್ತದೆ. ಬಿಸಿ ಇಲ್ಲದ ಗ್ಯಾರೇಜಿನಲ್ಲೇ ಪೆಟ್ಟಿಗೆಯಲ್ಲಿ ಇಡಿ.

ಕ್ಯಾಲ್ಗರಿ_ಕಲ್ಪನಾ

ತಿನ್ನೋದರ ಬಗ್ಗೆ ಯಾರೂ ಹೇಳಿಲ್ಲ! ಖಾಲಿ ಹೊಟ್ಟೆಯಲ್ಲಿ ಕೂತರೆ ಮೈ ಬಿಸಿ ಎಲ್ಲಿಂದ ಬರಬೇಕು? ನಾನು ಬೆಳಗ್ಗೆ ತುಪ್ಪ ಹಾಕಿದ ಉಪ್ಪಿಟ್ಟು ತಿಂದು ಹೊರಡುತ್ತೇನೆ, ಜೇಬಲ್ಲಿ ಶೇಂಗಾ ಚಿಕ್ಕಿ. ಪ್ಲಾಸ್ಟಿಕ್ ಸುತ್ತಿದ್ದರೆ ಮೊದಲೇ ಬಿಚ್ಚಿ ಬಟ್ಟೆಯಲ್ಲಿ ಕಟ್ಟಿಕೊಳ್ಳಿ. ಕಾಡಿನಲ್ಲಿ ಪ್ಲಾಸ್ಟಿಕ್ ಸದ್ದು ಮೈಲಿ ಕೇಳುತ್ತದೆ.

ಕೂತಲ್ಲೇ ಬಿಸಿ ಮಾಡಿಕೊಳ್ಳೋಕೆ ಮುಷ್ಟಿ ಬಿಗಿದು ಬಿಡುವುದು, ತೊಡೆ ಬಿಗಿದು ಬಿಡುವುದು ಮಾಡಿ. ಜಿಂಕೆಗೆ ಕಾಣುವುದಿಲ್ಲ. ಕೈಯನ್ನು ಗಿರಗಿರ ಬೀಸಿದರೆ ರಕ್ತ ಬೆರಳಿಗೆ ನುಗ್ಗುತ್ತದೆ, ನಿಜ. ಆದರೆ ಅದನ್ನು ಕೆಳಗೆ ಇಳಿದ ಮೇಲೆ ಮಾಡಿ. ಅಟ್ಟಣೆ ಮೇಲೆ ಮಾಡಿದರೆ ಇಡೀ ಕಾಡಿಗೆ ನೀವಿರೋದು ಗೊತ್ತಾಗುತ್ತದೆ.

ಮ್ಯಾಡಿಸನ್_ಮಂಜು

ಉಪ್ಪಿಟ್ಟು ಸರಿ, ಒಗ್ಗರಣೆ ವಾಸನೆ ಜಿಂಕೆಗೆ ಹೋಗಲ್ವಾ? :)

ಕೊನೆಯ ಪ್ರಶ್ನೆ. ಮುಂದಿನ ವಾರ ಇಲ್ಲಿ ಬಂದೂಕಿನ ಒಂಬತ್ತು ದಿನದ ಸೀಸನ್. ಬಿಲ್ಲಿನವರೂ ಕಿತ್ತಳೆ ಬಣ್ಣ ಹಾಕಬೇಕು. ಮಫ್ ಕಾಡಿನ ಬಣ್ಣದ್ದು. ತೊಂದರೆ ಆಗುತ್ತದಾ?

ಡುಲೂತ್_ದೇವಣ್ಣ

ವಿಸ್ಕಾನ್ಸಿನ್‌ನಲ್ಲಿ ಸೊಂಟದ ಮೇಲಿನ ಹೊರಬಟ್ಟೆಯಲ್ಲಿ ಕನಿಷ್ಠ ಅರ್ಧ ಭಾಗ ಹೊಳೆಯುವ ಕಿತ್ತಳೆ ಅಥವಾ ಹೊಳೆಯುವ ಗುಲಾಬಿ ಇರಬೇಕು, ಟೋಪಿ ಹಾಕಿದರೆ ಅದರಲ್ಲೂ ಅರ್ಧ. ಮಫ್ ಅನ್ನು ಸೊಂಟದ ಕೆಳಗೆ, ತೊಡೆ ಮೇಲೆ ಬರುವ ಹಾಗೆ ಕಟ್ಟಿ. ಕಿತ್ತಳೆ ಮುಚ್ಚಬಾರದು. ಇಲ್ಲದಿದ್ದರೆ ಕಿತ್ತಳೆ ಬಣ್ಣದ ಮಫ್ಫೇ ಸಿಗುತ್ತದೆ, ಅದನ್ನೇ ತಗೊಳ್ಳಿ. ಜಿಂಕೆಗೆ ಆ ಬಣ್ಣ ನಮಗೆ ಕಂಡ ಹಾಗೆ ಕಾಣುವುದಿಲ್ಲ.

ಮನೆಗೆ ಬಂದ ಮೇಲೆ ಮಫ್ ಒಳಭಾಗ ಹೊರಗೆ ಮಾಡಿ ಒಣಗಿಸಿ. ಕೈಯ ಬೆವರಿನಿಂದ ಒಳಗೆ ತೇವ ಇರುತ್ತದೆ. ಒಣಗಿಸದಿದ್ದರೆ ಎರಡನೇ ದಿನ ಅದೇ ತಣ್ಣಗೆ ಕೊರೆಯುತ್ತದೆ.

ರಸಾಯನ_ಮೇಷ್ಟ್ರು

ಒಣಗಿಸುವ ಮುಂಚೆ ಪ್ಯಾಕೆಟ್ ಹೊರಗೆ ತೆಗೆಯಿರಿ. ಪ್ಯಾಕೆಟ್‌ಗೆ ನೀರು ಹೊಕ್ಕರೆ ಪುಡಿಗೆ ಗಾಳಿ ತಾಗದೆ ಕೆಲಸ ನಿಲ್ಲುತ್ತದೆ. ಗಟ್ಟಿಯಾಗಿ ಕಲ್ಲಾದದ್ದು ಮುಗಿದ ಪ್ಯಾಕೆಟ್ ಅಂತ ಲೆಕ್ಕ, ಕಸಕ್ಕೆ ಹಾಕಿ.